ದಾರಿ ತೋರುವ ಗುರುತುಗಳು

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನಲ್ಲಿ, ಗುರುವಾಯನಕೆರೆಯಿಂದ ನಾರಾವಿಯ ಕಡೆಗೆ ಹೋಗುವ ಮಾರ್ಗದಲ್ಲಿ, ಅಳದಂಗಡಿ ಎಂಬ ಚಿಕ್ಕ ಪೇಟೆಯಿದೆ. ಹಿಂದೆ ವೇಣೂರನ್ನು ಆಳಿದ ಅಜಿಲ ಅರಸುಮನೆತನದ ಅರಮನೆ ಇರುವುದು ಇಲ್ಲಿಯೇ. ಈ ಪೇಟೆಯಲ್ಲಿ ಬಸ್ಸಿನಿಂದ ಇಳಿದು, ಒಳಗಿನ ಒಂದು ಮನೆಗೆ ದಾರಿ ಯಾವುದೆಂದು ಅಂಗಡಿಯವರನ್ನು ಕೇಳಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಈ ಬಗೆಯದು: “ಹೀಗೇ ಸೀದಾ ಹೋಗಿ. ಒಂದು ಅಶ್ವತ್ಥದ ಕಟ್ಟೆ ಸಿಗ್ತದೆ. ಅಲ್ಲಿ ಬಲಕ್ಕೆ ಇಳಿಯಿರಿ. ತೋಡಿಗೆ ಕಾಲುಸಂಕ ಉಂಟು, ದಾಟಿ. ಮತ್ತೆ ಒಂದು ತಡಮೆ. ಅಲ್ಲಿಂದ ತೋಟದ ನಡುವೆ ಕಾಣುವುದೇ ಆ ಮನೆ.”

ಈ ಉತ್ತರದಲ್ಲಿ ಮೈಲಿಯೂ ಇಲ್ಲ, ಮೀಟರೂ ಇಲ್ಲ. ಹೋಗಬೇಕಾದ ದಾರಿ ಎಷ್ಟು ಉದ್ದವೆಂಬುದಾಗಲಿ, ಅದು ಯಾವ ದಿಕ್ಕಿಗೆ ಎಷ್ಟು ಬಾಗುತ್ತದೆಂಬುದಾಗಲಿ ಇದರಿಂದ ತಿಳಿಯುವುದಿಲ್ಲ. ಇರುವುದು ಕಟ್ಟೆ, ಸಂಕ, ತಡಮೆ ಎಂಬ ಮೂರು ಗುರುತುಗಳು ಮಾತ್ರ. ಆದರೂ ಹಗಲು ಹೊತ್ತಿನಲ್ಲಿ ನಡೆದುಹೋಗುವವನು ಇಷ್ಟರಿಂದಲೇ ಮನೆಯನ್ನು ಮುಟ್ಟುತ್ತಾನೆ. ಅದೇ ಮಾತನ್ನು ಆಷಾಢದ ಒಂದು ರಾತ್ರಿ, ಧಾರಾಕಾರವಾಗಿ ಮಳೆ ಸುರಿಯುತ್ತಿರುವಾಗ, ರೋಗಿಯನ್ನು ಒಯ್ಯಲು ಹೊರಟ ಆಂಬ್ಯುಲೆನ್ಸಿನ ಚಾಲಕನಿಗೆ ದೂರವಾಣಿಯಲ್ಲಿ ಹೇಳಿದರೆ ಏನಾದೀತು? ಕಟ್ಟೆ ಅವನ ದೀಪದ ಬೆಳಕಿಗೆ ಬೀಳದಿರಬಹುದು. ತಡಮೆ ಎಂದರೇನೆಂದು ಬೇರೆ ಜಿಲ್ಲೆಯಿಂದ ಬಂದ ಅವನಿಗೆ ತಿಳಿಯದಿರಬಹುದು. ಕಾಲುಸಂಕದ ಮೇಲೆ ಗಾಡಿ ಹೋಗಲಾರದು. ಹಗಲಿನ ಒಳ್ಳೆಯ ಉತ್ತರವು ರಾತ್ರಿ ಕೆಟ್ಟ ಉತ್ತರವಾಗುತ್ತದೆ. ಹಾಗಾದರೆ ಒಂದು ವಸ್ತು ಗುರುತಾಗುವುದು ಯಾವುದರಿಂದ? ಅದರ ಗಾತ್ರದಿಂದಲೋ, ಬಣ್ಣದಿಂದಲೋ, ಇಲ್ಲವೆ ನಮ್ಮ ತಲೆಯೊಳಗೆ ನಡೆಯುವ ಮತ್ತಾವುದೋ ವ್ಯಾಪಾರದಿಂದಲೋ? ಈ ಲೇಖನದಲ್ಲಿ ನಾವು ಇದನ್ನು ಸ್ವಲ್ಪ ವಿಚಾರಿಸೋಣ.

ನೆಲದ ಗುಣ

ಮೊದಲಿಗೆ, ಗುರುತುಗಳ ಮೇಲೆ ಇಷ್ಟು ಭಾರ ಹಾಕುವ ಪದ್ಧತಿ ಈ ನಾಡಿನಲ್ಲಿ ಏಕೆ ಬೆಳೆಯಿತೆಂದು ನೋಡಬೇಕು. ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಒಂದೆಡೆ ಗುಂಪಾಗಿರುತ್ತವೆ, ಸುತ್ತಲೂ ಹೊಲ. ಎರಡು ಮೈಲಿ ಆಚೆಯಿಂದಲೇ ಗುಡಿಯ ಗೋಪುರವೋ ಊರಮುಂದಿನ ಮರಗಳೋ ಕಾಣುತ್ತವೆ. ಊರನ್ನು ಮುಟ್ಟಿದರೆ ಮನೆಯನ್ನು ಮುಟ್ಟಿದಂತೆಯೇ. ತುಳುನಾಡಿನ ಒಳಭಾಗದಲ್ಲಿ ಹಾಗಲ್ಲ. ಗುಡ್ಡಗಳ ನಡುವೆ ಕಿರಿದಾದ ಬೈಲುಗಳು, ಬೈಲಿನ ನಡುವೆ ಹರಿಯುವ ತೋಡು, ತೋಡಿನ ಇಕ್ಕೆಲದಲ್ಲಿ ಗದ್ದೆ ಅಥವಾ ಅಡಕೆಯ ತೋಟ, ತೋಟದ ಅಂಚಿನಲ್ಲಿ ಮನೆ. ಒಂದು ಮನೆಗೂ ಇನ್ನೊಂದಕ್ಕೂ ಒಂದು ಕೂಗಳತೆಯ ದೂರ. ಮನೆಯಿಂದ ಮನೆಗೆ ಹೋಗುವ ಕಾಲುದಾರಿ ಗುಡ್ಡವನ್ನು ಬಳಸಿ, ಎತ್ತರದ ಮಣ್ಣಿನ ದರೆಗಳ ನಡುವಣ ಓಣಿಯಲ್ಲಿ ಇಳಿದು, ಗದ್ದೆಯ ಹುಣಿಯ ಮೇಲೆ ಸಾಗುತ್ತದೆ. ನೂರು ಗಜ ಮುಂದೆ ಏನಿದೆ ಎಂಬುದು ಕಾಣುವುದಿಲ್ಲ. ಇಂಥ ಕಡೆ “ಆಗ್ನೇಯಕ್ಕೆ ಎಂಟುನೂರು ಮೀಟರು ಹೋಗಿರಿ” ಎಂಬ ಸಲಹೆ ಎಷ್ಟೇ ನಿಖರವಾಗಿದ್ದರೂ ಪ್ರಯೋಜನವಿಲ್ಲದ್ದು. ಏಕೆಂದರೆ ಎಂಟುನೂರು ಮೀಟರು ನೇರವಾಗಿ ಹೋಗಬಲ್ಲದ್ದು ಕಾಗೆ ಮಾತ್ರ.

ಇಲ್ಲಿಯ ಊರ ಹೆಸರುಗಳನ್ನೇ ಗಮನಿಸಿ. ಅಳದಂಗಡಿ, ಬೆಳ್ತಂಗಡಿ, ಉಪ್ಪಿನಂಗಡಿ, ಹೊಸಂಗಡಿ. ಮನೆಗಳು ಚೆದರಿದ ನಾಡಿನಲ್ಲಿ ನಾಲ್ಕು ಅಂಗಡಿಗಳು ಒಂದೆಡೆ ಸೇರಿದ ಜಾಗವೇ ದೊಡ್ಡ ಗುರುತು. ಆ ಗುರುತೇ ಊರಿನ ಹೆಸರು. ಗುರುವಾಯನಕೆರೆಯಲ್ಲಿ ಕೆರೆ ಆ ಕೆಲಸವನ್ನು ಮಾಡಿದೆ. ಕಟ್ಟೆ, ಪದವು, ಕಲ್ಲು, ಬೈಲು, ಬೆಟ್ಟು ಎಂದು ಕೊನೆಗೊಳ್ಳುವ ಹೆಸರುಗಳಂತೂ ಲೆಕ್ಕವಿಲ್ಲದಷ್ಟು ಉಂಟು. ಊರ ಹೆಸರುಗಳ ಪಟ್ಟಿಯೆಂದರೆ ಹಿಂದಿನವರು ಒಬ್ಬರಿಗೊಬ್ಬರು ದಾರಿ ಹೇಳಿದ ಮಾತುಗಳ ಉಳಿಕೆಯೆಂದು ತಿಳಿದರೆ ತಪ್ಪಾಗದು.

ಗುರುತುಗಳೇ ಇಲ್ಲದಿದ್ದರೆ ಮನುಷ್ಯನಿಗೆ ಏನಾಗುತ್ತದೆಂಬುದನ್ನು ಪ್ರಯೋಗದಿಂದ ನೋಡಿದವರಿದ್ದಾರೆ. ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಯಾನ್ ಸೌಮನ್ ಮತ್ತು ಅವರ ಸಂಗಡಿಗರು ಕೆಲವರನ್ನು ದೊಡ್ಡದೊಂದು ಕಾಡಿನಲ್ಲಿಯೂ, ಇನ್ನು ಕೆಲವರನ್ನು ಸಹಾರಾ ಮರುಭೂಮಿಯಲ್ಲಿಯೂ ಬಿಟ್ಟು, ಹಲವು ಗಂಟೆಗಳ ಕಾಲ ಆದಷ್ಟು ನೆಟ್ಟಗೆ ನಡೆಯುವಂತೆ ಹೇಳಿದರು. ಅವರು ನಡೆದ ಜಾಡನ್ನು ಉಪಗ್ರಹಗಳ ಸಹಾಯದಿಂದ ಗುರುತಿಸಿಕೊಂಡರು. 2009ರಲ್ಲಿ ಪ್ರಕಟವಾದ ಫಲಿತಾಂಶ ಇದು: ಸೂರ್ಯನೋ ಚಂದ್ರನೋ ಕಾಣುತ್ತಿದ್ದಾಗ ಜನ ಬಹುಮಟ್ಟಿಗೆ ನೇರವಾಗಿಯೇ ನಡೆದರು. ಮೋಡ ಕವಿದ ದಿನ ಕಾಡಿನಲ್ಲಿ ನಡೆದವರು ಸುತ್ತು ಹೊಡೆದು ತಾವು ಆಗಲೇ ತುಳಿದ ಜಾಡನ್ನು ಮತ್ತೆ ಮತ್ತೆ ದಾಟಿದರು. ದಾಟಿದುದು ಅವರ ಅರಿವಿಗೇ ಬರಲಿಲ್ಲ. ಕಣ್ಣು ಕಟ್ಟಿ ನಡೆಸಿದಾಗಲಂತೂ ಕೆಲವರ ಸುತ್ತು ಇಪ್ಪತ್ತು ಮೀಟರಷ್ಟು ಕಿರಿದಾಯಿತು. ಒಂದು ಕಾಲು ಇನ್ನೊಂದಕ್ಕಿಂತ ತುಸು ಉದ್ದವಾಗಿರುವುದರಿಂದ ಹೀಗಾಗುತ್ತದೆಂಬ ಹಳೆಯ ವಿವರಣೆಯೂ ಇಲ್ಲಿ ಬಿದ್ದುಹೋಯಿತು; ಏಕೆಂದರೆ ಒಬ್ಬನೇ ಮನುಷ್ಯ ಒಮ್ಮೆ ಎಡಕ್ಕೂ ಇನ್ನೊಮ್ಮೆ ಬಲಕ್ಕೂ ತಿರುಗುತ್ತಿದ್ದ. ಪ್ರತಿ ಹೆಜ್ಜೆಯಲ್ಲಿಯೂ ‘ನೇರ’ವೆಂಬುದರ ಅಂದಾಜಿನಲ್ಲಿ ಸಣ್ಣ ದೋಷ ಸೇರುತ್ತದೆ. ಹೊರಗಿನ ಗುರುತೊಂದು ಅದನ್ನು ಆಗಾಗ ತಿದ್ದದಿದ್ದರೆ ದೋಷಗಳು ಕೂಡಿಕೊಂಡು ನಮ್ಮನ್ನು ತಿರುಗಿಸಿಬಿಡುತ್ತವೆ. ಕಾಡಿನಲ್ಲಿ ಯಾವುದೋ ಒಂದು ಬಳ್ಳಿಯನ್ನು ದಾಟಿದವನಿಗೆ ದಾರಿ ತಪ್ಪುತ್ತದೆಂಬ ನಂಬಿಕೆ ಮಲೆನಾಡಿನಲ್ಲಿ ಉಂಟು. ಬಳ್ಳಿಯ ಮಾತು ಹೇಗೇ ಇರಲಿ, ಹೊರಟಲ್ಲಿಗೇ ಮರಳಿ ಬಂದು ಬೆಪ್ಪಾದ ಅನುಭವ ನಿಜವಾದದ್ದೇ.

ದೂರದ ಗುರುತು, ಹತ್ತಿರದ ಗುರುತು

ಗುರುತುಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಬೆಳ್ತಂಗಡಿಯ ಕಡೆಯ ತೆರೆದ ಪದವೊಂದರ ಮೇಲೆ, ಮಳೆ ನಿಂತ ಮೇಲಿನ ತಿಳಿಹವೆಯಲ್ಲಿ ನಿಂತವರಿಗೆ ಪೂರ್ವದಲ್ಲಿ ಘಟ್ಟದ ಸಾಲು ಗೋಡೆಯಂತೆ ಕಾಣುತ್ತದೆ. ಆ ಸಾಲಿನಲ್ಲಿ 1,894 ಮೀಟರು ಎತ್ತರದ ಕುದುರೆಮುಖವಿದೆ. ಅದರ ಈಚೆಗೆ, ಘಟ್ಟದ ಬುಡದಲ್ಲಿ, ಒಂದೇ ಬಂಡೆಯಂತೆ ನೆಟ್ಟಗೆ ಎದ್ದು ನಿಂತಿರುವುದು ಗಡಾಯಿಕಲ್ಲು. ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದ ಈ ಬಂಡೆಯ ನೆತ್ತಿಯ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ, ತನ್ನ ತಾಯಿಯ ಹೆಸರಿನಿಂದ ಅದನ್ನು ಜಮಾಲಾಬಾದ್ ಎಂದು ಕರೆದನು. ಸುತ್ತಲಿನ ಗುಡ್ಡಗಳು ಮರಗಳಿಂದ ಮುಚ್ಚಿ ದುಂಡಗಿದ್ದರೆ, ಇದು ಬೋಳಾಗಿ ಕಡಿದಾಗಿದೆ. ಒಮ್ಮೆ ಕಂಡವರು ಬೇರೆ ಗುಡ್ಡವೆಂದು ಭ್ರಮಿಸುವ ಸಂಭವವೇ ಇಲ್ಲ.

ಕುದುರೆಮುಖಕ್ಕೆ ಆ ಹೆಸರು ಬಂದದ್ದು ಪಶ್ಚಿಮದಿಂದ ನೋಡಿದಾಗ ಕಾಣುವ ಅದರ ಆಕಾರದಿಂದ. ಕಡಲಿನ ಮೇಲೆ ಹೋಗುವ ನಾವಿಕರಿಗೆ ಅದೊಂದು ಗುರುತಾಗಿತ್ತು. ಇದು ಸಾಧ್ಯವೇ ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಭೂಮಿ ಗುಂಡಾಗಿರುವುದರಿಂದ, ಒಂದು ಎತ್ತರದ ತುದಿ ಸಮುದ್ರದ ಮಟ್ಟಕ್ಕೆ ಎಷ್ಟು ದೂರದವರೆಗೆ ಕಾಣುತ್ತದೆ ಎಂಬುದಕ್ಕೆ ಸುಲಭವಾದ ಸೂತ್ರವಿದೆ: ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದೂರವು ಕಿಲೊಮೀಟರುಗಳಲ್ಲಿ ಬರುತ್ತದೆ. 1,894ರ ವರ್ಗಮೂಲ ಸುಮಾರು 43.5. ಗುಣಲಬ್ಧ 155 ಕಿಲೊಮೀಟರು. ಶಿಖರದಿಂದ ಕಡಲ ದಂಡೆಗೆ ನೇರವಾಗಿ ಸುಮಾರು 55 ಕಿಲೊಮೀಟರು. ಎಂದರೆ, ಹವೆ ತಿಳಿಯಾಗಿದ್ದರೆ ದಂಡೆಯಿಂದ ಸುಮಾರು 100 ಕಿಲೊಮೀಟರು ಆಚೆ ಇರುವ ನಾವಿಕನಿಗೂ, ನೆಲವೆಲ್ಲ ನೀರಿನ ಅಂಚಿನ ಕೆಳಗೆ ಅಡಗಿರುವಾಗ, ಆ ತುದಿಯೊಂದು ಕಾಣಬಲ್ಲದು.

ದೂರದ ಗುರುತಿಗೆ ಒಂದು ಗುಣವುಂಟು: ನಾವು ನಡೆದರೂ ಅದು ಕದಲುವುದಿಲ್ಲ. ಇಪ್ಪತ್ತು ಕಿಲೊಮೀಟರು ಆಚೆ ಇರುವ ಶಿಖರಕ್ಕೆ ಅಡ್ಡಲಾಗಿ ನಾವು ಒಂದು ಕಿಲೊಮೀಟರು ನಡೆದರೆ ಅದು ಕಾಣುವ ದಿಕ್ಕು ಮೂರು ಡಿಗ್ರಿಯಷ್ಟೂ ಬದಲಾಗದು. ನೂರು ಮೀಟರು ಆಚೆಯ ಮರಕ್ಕೆ ಅಡ್ಡಲಾಗಿ ಬರಿಯ ನೂರು ಮೀಟರು ನಡೆದರೆ ಅದರ ದಿಕ್ಕು 45 ಡಿಗ್ರಿ ತಿರುಗಿಬಿಡುತ್ತದೆ. ಆದುದರಿಂದ ಶಿಖರವು ದಿಕ್ಸೂಚಿಯ ಮುಳ್ಳಿನಂತೆ ದಿಕ್ಕನ್ನು ತೋರುತ್ತದೆ. ನಾವು ಎಲ್ಲಿದ್ದೇವೆಂಬುದನ್ನು ಅದೊಂದೇ ತಿಳಿಸಲಾರದು. ಮರವು ದಿಕ್ಕನ್ನು ಹೇಳಲಾರದು. ‘ಇಲ್ಲಿದ್ದೀಯೆ’ ಎಂದು ಹೇಳಬಲ್ಲದು. ದಾರಿ ಕಾಣುವುದಕ್ಕೆ ಎರಡೂ ಬೇಕು.

ದೂರದ ಗುರುತು ಒಂದರ ಬದಲು ಎರಡಿದ್ದರೆ ಸ್ಥಳವನ್ನೂ ಹೇಳಿಸಬಹುದು. ನಾವು ನಿಂತಲ್ಲಿಂದ ಕುದುರೆಮುಖ ಈಶಾನ್ಯಕ್ಕೂ, ಗಡಾಯಿಕಲ್ಲು ನೇರ ಪೂರ್ವಕ್ಕೂ ಕಾಣುತ್ತದೆಂದು ಇಟ್ಟುಕೊಳ್ಳೋಣ. ನಕ್ಷೆಯ ಮೇಲೆ ಕುದುರೆಮುಖದಿಂದ ನೈಋತ್ಯಕ್ಕೆ ಒಂದು ಗೆರೆಯನ್ನೂ, ಗಡಾಯಿಕಲ್ಲಿನಿಂದ ಪಶ್ಚಿಮಕ್ಕೆ ಒಂದು ಗೆರೆಯನ್ನೂ ಎಳೆದರೆ, ಎರಡೂ ಕೂಡುವ ಬಿಂದುವೇ ನಮ್ಮ ನೆಲೆ. ಭೂಮಾಪನದ ವಿದ್ಯೆ ಬೆಳೆದದ್ದು ಈ ತತ್ತ್ವದ ನೆಂಟತನದಲ್ಲಿಯೇ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದು, ಅಲ್ಲಿಂದ ಎತ್ತರದ ತಾಣಗಳನ್ನು ತ್ರಿಕೋನಗಳಿಂದ ಒಂದಕ್ಕೊಂದು ಕಟ್ಟುತ್ತ ಪಶ್ಚಿಮಕ್ಕೆ ಬಂದನು. ತ್ರಿಕೋನಗಳ ಸಾಲು ಮಂಗಳೂರಿನ ಕರಾವಳಿಯನ್ನು ಮುಟ್ಟಿದಾಗ, 400 ಮೈಲಿಯೆಂದು ಹಿಂದಿನ ನಕ್ಷೆಗಳು ತೋರಿಸಿದ್ದ ಪರ್ಯಾಯದ್ವೀಪದ ಅಗಲವು 360 ಮೈಲಿಗೆ ಇಳಿಯಿತು!

ಘಟ್ಟವೂ ಕಡಲೂ ಎದುರುಬದುರಾಗಿರುವ ಈ ನಾಡಿನಲ್ಲಿ ದಿಕ್ಕುಗಳು ಮಾತಿನೊಳಗೂ ಊರ ಹೆಸರಿನೊಳಗೂ ಇಳಿದಿವೆ. ತುಳುವಿನಲ್ಲಿ ಪೂರ್ವ ಮೂಡಾಯಿ, ಪಶ್ಚಿಮ ಪಡ್ಡಾಯಿ, ಉತ್ತರ ಬಡಕಾಯಿ, ದಕ್ಷಿಣ ತೆನ್ಕಾಯಿ. ಹಳೆಯ ಕನ್ನಡದ ಮೂಡಣ, ಪಡುವಣ, ಬಡಗಣ, ತೆಂಕಣಗಳ ಒಡಹುಟ್ಟುಗಳು. ಸೂರ್ಯ ಮೂಡುವ ಕಡೆ ಮೂಡು, ಪಡುವ ಕಡೆ ಪಡು. ಘಟ್ಟದ ಕಡೆಗಿರುವ ಬಿದಿರೆ ಮೂಡುಬಿದಿರೆಯಾದರೆ, ಕಡಲ ದಂಡೆಯದು ಪಡುಬಿದ್ರಿ. ತೆಂಕಮಿಜಾರು, ಬಡಗಮಿಜಾರುಗಳೂ ಹೀಗೆಯೇ. ಮಲೆಯಾಳದಲ್ಲಿ ಒಂದು ಸ್ವಾರಸ್ಯವುಂಟು. ಅಲ್ಲಿ ಪೂರ್ವಕ್ಕೆ ‘ಕಿೞಕ್ಕು’ ಎನ್ನುತ್ತಾರೆ. ಆ ಮಾತಿನ ಬೇರು ‘ಕೀಳು’, ಎಂದರೆ ತಗ್ಗು. ಕೇರಳದಲ್ಲಿ ಪೂರ್ವವೆಂದರೆ ಏರುವ ಘಟ್ಟ! ನೆಲವು ಪೂರ್ವಕ್ಕೆ ಇಳಿಯುವ ತಮಿಳುನಾಡಿನ ಕಡೆಯ ಅನುಭವವು ಮಾತಿನೊಡನೆ ಘಟ್ಟ ದಾಟಿ ಬಂದಿದೆಯಷ್ಟೆ. ಆಸ್ಟ್ರೇಲಿಯದ ಉತ್ತರದಲ್ಲಿ ಗೂಗು ಯಿಮಿದಿರ್ ಎಂಬ ಭಾಷೆಯ ಮೂಲನಿವಾಸಿಗಳು ಇನ್ನೂ ಮುಂದೆ ಹೋಗಿದ್ದಾರೆ. ಕಾಂಗರೂ ಎಂಬ ಪದವನ್ನು ಲೋಕಕ್ಕೆ ಕೊಟ್ಟವರು ಅವರೇ. ಪಕ್ಕದಲ್ಲಿರುವ ವಸ್ತುವನ್ನು ತೋರಿಸುವಾಗಲೂ ಅವರು ಎಡ ಬಲ ಎನ್ನದೆ ಉತ್ತರ, ದಕ್ಷಿಣ ಎಂದೇ ಹೇಳುವುದನ್ನು ಭಾಷಾವಿಜ್ಞಾನಿಗಳು ದಾಖಲಿಸಿದ್ದಾರೆ. ಹಾಗೆ ಮಾತಾಡಬೇಕಾದರೆ ದಿಕ್ಕಿನ ಎಚ್ಚರ ಹಗಲಿರುಳೂ ಮನಸ್ಸಿನಲ್ಲಿರಬೇಕಷ್ಟೆ.

ಎತ್ತರವೊಂದೇ ಸಾಲದು

ದೊಡ್ಡದಾದುದೆಲ್ಲ ಒಳ್ಳೆಯ ಗುರುತೆಂದು ಮೇಲುನೋಟಕ್ಕೆ ತೋರುತ್ತದೆ. ಇದನ್ನು ಪರೀಕ್ಷಿಸಲು ಅಳದಂಗಡಿಯಿಂದ ದೂರ ಹೋಗಬೇಕಾಗಿಲ್ಲ. ವೇಣೂರಿನಲ್ಲಿ ಫಲ್ಗುಣಿ ನದಿಯ ದಡದಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ ಗೊಮ್ಮಟನ ಎತ್ತರ 35 ಅಡಿ. ಕಾರ್ಕಳದಲ್ಲಿ ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಿಸಿದ ಗೊಮ್ಮಟನ ಎತ್ತರ 42 ಅಡಿ. ಎರಡಕ್ಕೂ ಇರುವ ವ್ಯತ್ಯಾಸ ಬರಿಯ ಏಳಡಿ. ಆದರೆ ಕಾರ್ಕಳದ ಮೂರ್ತಿ ಬೋಳುಬಂಡೆಯ ಗುಡ್ಡದ ನೆತ್ತಿಯಲ್ಲಿದೆ, ಆಕಾಶವೇ ಅದರ ಹಿನ್ನೆಲೆ. ದೂರದಿಂದ ಬರುವವನಿಗೆ ಅದು ಊರು ಬಂತೆಂದು ಸಾರುತ್ತದೆ. ವೇಣೂರಿನದು ನದೀತೀರದ ನೆಲದ ಮೇಲೆ ಪ್ರಾಕಾರದ ನಡುವೆ ನಿಂತಿದೆ. ಅದು ಊರಿಗೆ ಕೀರ್ತಿಯನ್ನು ತಂದಿದೆ, ಊರ ಹೆಸರಿನೊಡನೆ ಮನಸ್ಸಿಗೆ ಬರುತ್ತದೆ, ಆದರೆ ಹರದಾರಿ ದೂರದ ಪಯಣಿಗನಿಗೆ ದಾರಿ ತೋರುವ ಕೆಲಸ ಅದರದಲ್ಲ. ಮೂರ್ತಿಗಳ ಮಹಿಮೆಯಲ್ಲಿ ಹೆಚ್ಚು ಕಡಿಮೆಯೆಂದು ಯಾರೂ ಇದಕ್ಕೆ ಅರ್ಥ ಮಾಡಬಾರದು. ನಾವು ಹೇಳುತ್ತಿರುವುದು ಗುರುತಿನ ಮಾತು. ನಿಂತ ಜಾಗ, ಹಿನ್ನೆಲೆ, ನೋಡುವವನು ಬರುವ ಕಡೆ, ಇವು ಮೂರೂ ಕೂಡಿದಲ್ಲಿ ಮಾತ್ರ ಎತ್ತರವು ಗುರುತಾಗುತ್ತದೆ.

ನಡೆಯುವವನಿಗೆ ಇದಕ್ಕಿಂತಲೂ ಮುಖ್ಯವಾದುದು ಇನ್ನೊಂದಿದೆ. ದಾರಿಯಲ್ಲಿ ಸಾವಿರ ವಸ್ತುಗಳು ಕಾಣುತ್ತವೆ. ಆದರೆ ಮನಸ್ಸು ಕೇಳುವ ಪ್ರಶ್ನೆ ಕೆಲವೇ ಕಡೆಗಳಲ್ಲಿ ಏಳುತ್ತದೆ: ಎಡಕ್ಕೋ, ಬಲಕ್ಕೋ? ದಾರಿ ಕವಲೊಡೆಯುವಲ್ಲಿ ಇರುವ ಚಿಕ್ಕ ನಾಗಬನವು, ದಾರಿಯ ನಡುವಿನ ದೊಡ್ಡ ಬಂಗಲೆಗಿಂತ ಬೆಲೆಯುಳ್ಳದ್ದು. ನೆದರ್ಲೆಂಡಿನ ನೈಮೇಗನ್ನಿನಲ್ಲಿ ಯಾನ್ಸನ್ ಮತ್ತು ವಾನ್ ಟುರೆನೌಟ್ ಎಂಬ ಇಬ್ಬರು ಸಂಶೋಧಕರು 2004ರಲ್ಲಿ ಇದಕ್ಕೆ ಮಿದುಳಿನೊಳಗಿನ ಸಾಕ್ಷ್ಯವನ್ನು ಒದಗಿಸಿದರು. ಒಂದು ಕಟ್ಟಡದೊಳಗೆ ನಡೆದುಹೋಗುವ ಚಿತ್ರವನ್ನು ಅವರು ಕೆಲವರಿಗೆ ತೋರಿಸಿದರು. ತಿರುವುಗಳಲ್ಲಿ ಕೆಲವು ಆಟಿಕೆಗಳಿದ್ದುವು, ತಿರುವಿಲ್ಲದಲ್ಲಿ ಇನ್ನು ಕೆಲವು. ಆಮೇಲೆ ಆಟಿಕೆಗಳನ್ನು ಮಾತ್ರ ಒಂದೊಂದಾಗಿ ತೋರಿಸುತ್ತ ಮಿದುಳಿನ ಚಟುವಟಿಕೆಯನ್ನು ಅಳೆದಾಗ, ತಿರುವಿನಲ್ಲಿ ಕಂಡಿದ್ದ ವಸ್ತುಗಳಿಗೆ ಹಿಪ್ಪೊಕ್ಯಾಂಪಸ್ಸಿನ ನೆರೆಯ ಒಂದು ಭಾಗವು ಹೆಚ್ಚಾಗಿ ಸ್ಪಂದಿಸಿತು. ನೋಡಿದ್ದೇ ನೆನಪಿಲ್ಲವೆಂದು ಹೇಳಿದ ವಸ್ತುಗಳ ವಿಷಯದಲ್ಲಿಯೂ ಹಾಗೆಯೇ!

ನಮ್ಮ ಹಿಂದಿನವರು ಇದನ್ನು ಪ್ರಯೋಗಶಾಲೆಯಿಲ್ಲದೆ ತಿಳಿದಿದ್ದರು. ಬಂಟ್ವಾಳದ ಬಿ. ಸಿ. ರೋಡಿನ ಬಳಿ ಒಂದು ಕೈಕಂಬವಿದೆ, ಗುರುಪುರದ ಬಳಿ ಇನ್ನೊಂದು, ಸುಬ್ರಹ್ಮಣ್ಯಕ್ಕೆ ಹೋಗುವಲ್ಲಿ ಮತ್ತೊಂದು. ಮೂರೂ ಮಾರ್ಗಗಳು ಕೂಡುವ ಜಾಗಗಳೇ. ಕೈ ಚಾಚಿದಂತೆ ಹಲಗೆಯನ್ನು ಜೋಡಿಸಿ ಊರ ದಾರಿ ತೋರುವ ಕಂಬವೇ ಕೈಕಂಬ. ಕಂಬಕ್ಕಿಟ್ಟ ಹೆಸರು ಜಾಗಕ್ಕೆ ಅಂಟಿಕೊಂಡಿದೆ. ಇಂದು ತುಳುನಾಡಿನ ಮಾರ್ಗಗಳಲ್ಲಿ, ದೇವಸ್ಥಾನಕ್ಕೋ ದೈವಸ್ಥಾನಕ್ಕೋ ತಿರುಗುವಲ್ಲಿ ಎದ್ದಿರುವ ಕಾಂಕ್ರೀಟಿನ ದ್ವಾರಗಳು ಆ ಕೆಲಸವನ್ನು ಮುಂದುವರಿಸುತ್ತಿವೆ. ಅವುಗಳ ಅಂದಚಂದದ ಬಗೆಗೆ ನಮಗೆ ಅಷ್ಟಾಗಿ ಮೆಚ್ಚುಗೆಯಿಲ್ಲ. ಗುರುತಾಗಿ ಮಾತ್ರ ಅವಕ್ಕೆ ಪೂರ್ತಿ ಅಂಕಗಳನ್ನು ಕೊಡಬೇಕು.

ಕಣಜ, ಇಲಿ, ಮನುಷ್ಯ

ಗುರುತನ್ನು ಬಳಸುವ ಶಕ್ತಿ ಮನುಷ್ಯನದು ಮಾತ್ರವಲ್ಲ. ನಿಕೊ ಟಿನ್‌ಬರ್ಗನ್ ಎಂಬ ಡಚ್ ವಿಜ್ಞಾನಿ (ಇವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ಬಂದಿತು) ಮರಳಿನಲ್ಲಿ ಬಿಲ ತೋಡುವ ಒಂದು ಜಾತಿಯ ಕಣಜವನ್ನು ಕುರಿತು ಮಾಡಿ 1932ರಲ್ಲಿ ಪ್ರಕಟಿಸಿದ ಪ್ರಯೋಗವು ಸರಳತೆಗೆ ಮಾದರಿಯಾಗಿದೆ. ಕಣಜ ಬಿಲದೊಳಗಿದ್ದಾಗ ಅವರು ಬಿಲದ ಬಾಯ ಸುತ್ತ ಪೈನ್ ಮರದ ಕಾಯಿಗಳನ್ನು ಬಳೆಯಂತೆ ಜೋಡಿಸಿದರು. ಹೊರಬಂದ ಕಣಜವು ಮೇಲೆ ಕೆಲವು ಸುತ್ತು ಹಾರಿ, ಜಾಗವನ್ನು ನೋಡಿಕೊಂಡು, ಬೇಟೆಗೆ ಹೋಯಿತು. ಅದು ಮರಳುವುದರೊಳಗೆ ಕಾಯಿಗಳ ಬಳೆಯನ್ನು ತುಸು ಪಕ್ಕಕ್ಕೆ ಸರಿಸಿದರು. ಕಣಜ ನೇರವಾಗಿ ಬಂದು ಇಳಿದದ್ದು ಬಳೆಯ ನಡುವೆ! ಕಣ್ಣೆದುರಿಗೇ ತೆರೆದಿದ್ದ ಬಿಲ ಅದಕ್ಕೆ ಕಾಣಲಿಲ್ಲ. ಮುಂದಿನ ಪ್ರಯೋಗಗಳಲ್ಲಿ ಕಾಯಿಗಳನ್ನು ತ್ರಿಕೋನವಾಗಿ ಇಟ್ಟು, ಪಕ್ಕದಲ್ಲಿ ಕಲ್ಲುಗಳಿಂದ ಬಳೆಯನ್ನು ಮಾಡಿದಾಗ ಅದು ಕಲ್ಲಿನ ಬಳೆಯನ್ನು ಆರಿಸಿತು. ಅದು ಕಲಿತಿದ್ದು ವಸ್ತುಗಳನ್ನಲ್ಲ, ವಸ್ತುಗಳ ಜೋಡಣೆಯನ್ನು.

ಇಲಿಗಳ ಕಥೆ ಇದಕ್ಕಿಂತ ತೊಡಕಿನದು. ಅಮೆರಿಕೆಯ ಎಡ್ವರ್ಡ್ ಟೋಲ್ಮನ್ 1948ರ ಪ್ರಸಿದ್ಧ ಲೇಖನವೊಂದರಲ್ಲಿ, ಇಲಿಗಳು ತಿರುವುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಳ್ಳುವುದಿಲ್ಲ, ತಲೆಯೊಳಗೆ ಒಂದು ಬಗೆಯ ನಕ್ಷೆಯನ್ನು ಕಟ್ಟಿಕೊಳ್ಳುತ್ತವೆ ಎಂದು ವಾದಿಸಿದರು. ಬಳಸುದಾರಿಯಿಂದ ಆಹಾರಕ್ಕೆ ಹೋಗಲು ಕಲಿತ ಇಲಿಗಳಿಗೆ ಆ ದಾರಿಯನ್ನು ಮುಚ್ಚಿ, ಹಲವು ದಿಕ್ಕಿಗೆ ಒಡೆಯುವ ಹೊಸ ದಾರಿಗಳನ್ನು ಕೊಟ್ಟಾಗ, ಉಳಿದ ಯಾವ ದಾರಿಗಿಂತಲೂ ಹೆಚ್ಚು ಇಲಿಗಳು ಆರಿಸಿದ್ದು ಆಹಾರವಿದ್ದ ಕಡೆಗೇ ಹೋಗುವ ದಾರಿಯನ್ನು. ಆದರೆ ಆ ಪ್ರಯೋಗದಲ್ಲಿ ಕಲಿಕೆಯ ದಾರಿಯ ತುದಿಗೆ ಒಂದು ದೀಪವಿತ್ತು. ಇಲಿ ಅನುಸರಿಸಿದ್ದು ನಕ್ಷೆಯನ್ನೋ ದೀಪವನ್ನೋ ಎಂದು ವಿಮರ್ಶಕರು ಕೇಳಿದರು, ನ್ಯಾಯವಾದ ಪ್ರಶ್ನೆಯೇ.

ನಕ್ಷೆಗೆ ಬಲವಾದ ಆಧಾರ ದೊರೆತದ್ದು ಆಮೇಲೆ. 1971ರಲ್ಲಿ ಲಂಡನ್ನಿನಲ್ಲಿ ಜಾನ್ ಓಕೀಫ್ ಮತ್ತು ದೊಸ್ತ್ರೊವ್ಸ್ಕಿ, ಇಲಿಯ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ, ಇಲಿಯು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ನರಕೋಶಗಳನ್ನು ಕಂಡರು. ಒಂದು ಕೋಶ ಈ ಮೂಲೆಗೆ, ಇನ್ನೊಂದು ಆ ಮೂಲೆಗೆ. ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ದಂಪತಿಗಳ ತಂಡ 2005ರಲ್ಲಿ ವರದಿ ಮಾಡಿದ ಬೇರೊಂದು ಬಗೆಯ ಕೋಶಗಳು, ಇಲಿ ಓಡಾಡಿದಂತೆ ನೆಲದ ಮೇಲೆ ಸಮಾನ ಅಂತರದ ಬಿಂದುಗಳಲ್ಲಿ ಚುರುಕಾಗುತ್ತವೆ. ರಂಗೋಲಿಯ ಚುಕ್ಕಿಗಳನ್ನು ಇಟ್ಟಂತೆ. ಓಕೀಫ್ ಮತ್ತು ಮೋಸರ್ ದಂಪತಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂದುದು ಇದಕ್ಕಾಗಿ. ನಮ್ಮ ವಿಷಯಕ್ಕೆ ಹತ್ತಿರವಾದ ಪ್ರಯೋಗ ಮುಲ್ಲರ್ ಮತ್ತು ಕ್ಯೂಬಿ ಎಂಬುವರು 1987ರಲ್ಲಿ ಪ್ರಕಟಿಸಿದುದು. ಬೂದುಬಣ್ಣದ ದುಂಡು ಗೋಡೆಯ ನಡುವೆ ಇಲಿಯನ್ನು ಬಿಟ್ಟು, ಗೋಡೆಗೆ ಬಿಳಿಯ ಕಾಗದವೊಂದನ್ನು ಅಂಟಿಸಿದ್ದರು. ಅಲ್ಲಿ ಇದ್ದ ಗುರುತು ಅದೊಂದೇ. ಇಲಿಯನ್ನು ಹೊರಗೆ ತೆಗೆದು, ಕಾಗದವನ್ನು ಗೋಡೆಯ ಕಾಲುಭಾಗದಷ್ಟು ಸರಿಸಿ, ಮತ್ತೆ ಬಿಟ್ಟಾಗ, ಕೋಶಗಳು ಚುರುಕಾಗುವ ಜಾಗಗಳೂ ಅಷ್ಟೇ ತಿರುಗಿದ್ದುವು. ತಲೆಯೊಳಗಿನ ನಕ್ಷೆ ಇಡಿಯಾಗಿ ಕಾಗದದ ಹಿಂದೆ ತಿರುಗಿತು! ನಕ್ಷೆಯು ನೆಲಕ್ಕೆ ಹೊಂದಿಕೊಂಡು ಕೂಡಲು ಗುರುತೇ ಮೊಳೆ. ಮೊಳೆ ಕದಲಿದರೆ ನಕ್ಷೆಯೂ ಕದಲುತ್ತದೆ.

ಗುರುತು ಅಳಿದಾಗ

ಪರಿಚಿತವಾದ ಊರಿಗೆ ಎರಡು ವರ್ಷದ ಮೇಲೆ ಹೋದಾಗ, ಮಾರ್ಗವನ್ನು ಅಗಲಿಸುವುದಕ್ಕಾಗಿ ದೊಡ್ಡ ಮರಗಳನ್ನು ಕಡಿದಿರುವುದನ್ನು ಕಂಡು, ಎಲ್ಲಿ ಇಳಿಯಬೇಕೆಂದೇ ತಿಳಿಯದೆ ಮುಂದಿನ ನಿಲ್ದಾಣಕ್ಕೆ ಹೋಗಿಬಿಟ್ಟ ಅನುಭವ ವಾಚಕರಲ್ಲಿ ಹಲವರ ಪಾಲಿಗೆ ಬಂದಿರಬೇಕು. ಅದು ಮರೆವಲ್ಲ, ಮೊಳೆ ಕಿತ್ತ ನಕ್ಷೆಯ ಪಾಡು. ಊರಿನವರಾದರೋ ಅಳಿದ ಗುರುತನ್ನೂ ಬಳಸುತ್ತಲೇ ಇರುತ್ತಾರೆ: “ಮೊದಲು ಮಾವಿನ ಮರ ಇತ್ತಲ್ಲ, ಅಲ್ಲಿ ತಿರುಗಿ” ಎಂದು. ಹೇಳುವವರ ನೆನಪಿನಲ್ಲಿ ಮರ ಇನ್ನೂ ನಿಂತಿದೆ. ಕೇಳುವವನು ಅದನ್ನು ಎಂದೂ ಕಂಡಿಲ್ಲ. ಗುರುತು ಇಬ್ಬರಿಗೂ ಸಮಾನವಾಗಿರಬೇಕೆಂಬುದು ಇಲ್ಲಿ ಮನಸ್ಸಿಗೆ ಬರುತ್ತದೆ.

ಈಗ ಕೈಯಲ್ಲಿರುವ ದೂರವಾಣಿಯೇ ದಾರಿ ಹೇಳುವುದಲ್ಲ, ಈ ಚಿಂತೆಯೆಲ್ಲ ಏಕೆ ಎಂದು ಕೇಳಬಹುದು. ಸುಮಾರು 20,200 ಕಿಲೊಮೀಟರು ಮೇಲಿರುವ ಉಪಗ್ರಹಗಳಲ್ಲಿ ಕಡಮೆಯೆಂದರೆ ನಾಲ್ಕರ ಸಂಕೇತ ದೊರೆತಾಗ ಈ ಉಪಕರಣವು ತನ್ನ ನೆಲೆಯನ್ನು ಕೆಲವೇ ಮೀಟರುಗಳ ಒಳಗೆ ಹೇಳಬಲ್ಲದು. ಇದು ಅದ್ಭುತವೇ ಸರಿ. ಆದರೆ ದಟ್ಟವಾದ ಮರಗಳ ಕೆಳಗೆ, ಕಡಿದಾದ ಕಣಿವೆಗಳಲ್ಲಿ ಸಂಕೇತ ಕುಂದುತ್ತದೆ. ಅದು ಕುಂದದಿದ್ದರೂ ಉಪಗ್ರಹವು ಹೇಳುವುದು ನೆಲೆಯನ್ನು ಮಾತ್ರ. ಮನೆ ತೋಡಿನ ಆ ದಡದಲ್ಲಿದೆ, ಗಾಡಿ ಬರುವ ಮಾರ್ಗ ಈ ದಡದಲ್ಲಿ ಮುಗಿಯುತ್ತದೆ, ನಡುವೆ ಇರುವುದು ಜುಲೈ ತಿಂಗಳ ನೀರು, ಎಂಬುದನ್ನು ಊರಿನವರೇ ಹೇಳಬೇಕು. ವರ್ಷಕ್ಕೆ 4,000 ಮಿಲಿಮೀಟರಿನ ಸುಮಾರಿಗೆ ಮಳೆ ಬೀಳುವ ಜಿಲ್ಲೆಯಲ್ಲಿ ಇದು ಅಲ್ಪ ವಿಷಯವಲ್ಲ. ಇನ್ನೊಂದು ಎಚ್ಚರವೂ ಇದೆ. ಕೆನಡದ ದಹಮಾನಿ ಮತ್ತು ಬೊಬೊ ಎಂಬುವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಉಪಕರಣವನ್ನು ಹೆಚ್ಚಾಗಿ ಬಳಸಿದವರ ಸ್ಥಳಸ್ಮೃತಿ ಮೂರು ವರ್ಷಗಳಲ್ಲಿ ಹೆಚ್ಚಾಗಿ ಕುಗ್ಗಿದ್ದುದು ಕಂಡಿತು. ಮೂರು ವರ್ಷಗಳ ಮೇಲೆ ಮರಳಿ ಪರೀಕ್ಷಿಸಿದುದು ಹದಿಮೂರೇ ಜನರನ್ನು. ಅಷ್ಟರಿಂದ ದೊಡ್ಡ ತೀರ್ಮಾನಕ್ಕೆ ಹಾರುವುದು ಸಲ್ಲದು. ಆದರೆ ತಿರುವಿನಲ್ಲಿ ಪ್ರಶ್ನೆಯೇ ಏಳದಿದ್ದರೆ ತಿರುವಿನ ಗುರುತು ಮನಸ್ಸಿನಲ್ಲಿ ನಿಲ್ಲದೆಂಬುದು ನೈಮೇಗನ್ನಿನ ಪ್ರಯೋಗಕ್ಕೆ ಹೊಂದುವ ಊಹೆ.

ಕರ್ನಾಟಕದಲ್ಲಿ 108ರ ಆಂಬ್ಯುಲೆನ್ಸ್ ಸೇವೆ ಆರಂಭವಾದದ್ದು 2008ರಲ್ಲಿ. ಆ ಸಂಖ್ಯೆಗೆ ಕರೆ ಮಾಡಿದಾಗ ಉತ್ತರಿಸುವವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ಹತ್ತಿರದ ಗುರುತು ಯಾವುದು ಎಂಬುದು. ಮನೆಯಲ್ಲಿ ಗಾಬರಿಯಿರುವಾಗ ಥಟ್ಟನೆ ಒಳ್ಳೆಯ ಉತ್ತರ ಹೊಳೆಯುವುದಿಲ್ಲ; ಮೊದಲೇ ಯೋಚಿಸಿಡಬೇಕಾದುದು ಅದು. ಗಾಡಿ ಯಾವ ಕಡೆಯಿಂದ ಬರುತ್ತದೋ ಆ ಕಡೆಯಿಂದ ಕಾಣುವ, ದೀಪದ ಬೆಳಕಿಗೆ ಹೊಳೆಯುವ, ಹೊರಗಿನವನೂ ನೋಡಿದೊಡನೆ ತಿಳಿಯುವ ವಸ್ತುವನ್ನು ಆರಿಸಬೇಕು: ದ್ವಾರ, ಬಿಳಿ ಬಳಿದ ಮೋರಿಯ ಕಟ್ಟೆ, ಶಾಲೆಯ ನಾಮಫಲಕ. ‘ನಾಗಬನ’, ‘ತಡಮೆ’, ‘ಪಾಗಾರ’ ಎಂಬ ಮಾತುಗಳು ಚಾಲಕನಿಗೆ ಗೊತ್ತಿರಲಾರವು. ತಿರುವನ್ನು ಹೇಳಿದ ಮೇಲೆ, ಅದು ತಪ್ಪಿದರೆ ಮುಂದೆ ಏನು ಸಿಗುತ್ತದೆಂಬುದನ್ನೂ ಹೇಳಬೇಕು; “ಸೇತುವೆ ಸಿಕ್ಕಿದರೆ ನೀವು ಮುಂದೆ ಹೋಗಿದ್ದೀರಿ, ಹಿಂದೆ ಬನ್ನಿ” ಎಂಬ ಒಂದು ವಾಕ್ಯ ಅರ್ಧ ಗಂಟೆಯನ್ನು ಉಳಿಸೀತು. ಗಾಡಿ ನಿಲ್ಲುವಲ್ಲಿಂದ ಮನೆಯವರೆಗೆ ನಡೆಯಬೇಕಾಗಿದ್ದರೆ, ದೀಪ ಹಿಡಿದು ಒಬ್ಬರು ಆ ತಿರುವಿನಲ್ಲಿ ನಿಲ್ಲುವುದು ಎಲ್ಲಕ್ಕಿಂತ ಒಳ್ಳೆಯ ಗುರುತು.

ವಿದ್ಯಾರ್ಥಿಗಳು ಒಂದು ಅಭ್ಯಾಸವನ್ನು ಮಾಡಬಹುದು. ಬಸ್ಸು ನಿಲ್ಲುವಲ್ಲಿಂದ ನಿಮ್ಮ ಮನೆಗೆ ಬರುವ ದಾರಿಯನ್ನು ಎಂಟು ಸಾಲುಗಳಲ್ಲಿ ಬರೆಯಿರಿ. ಮಳೆಗಾಲದ ಒಂದು ಸಂಜೆ ಎಂಟು ಗಂಟೆಗೆ, ಮನೆಯ ಹಿರಿಯರೊಬ್ಬರನ್ನು ಜತೆಗೆ ಕರೆದುಕೊಂಡು, ಕೈಯಲ್ಲಿ ಒಂದು ಟಾರ್ಚು ಹಿಡಿದು, ಬಸ್ಸಿನ ನಿಲ್ದಾಣದಿಂದ ಆ ಕಾಗದದಲ್ಲಿರುವಂತೆಯೇ ನಡೆಯಿರಿ. ಕತ್ತಲೆಯಲ್ಲಿ ಕಾಣದಿದ್ದ ಪ್ರತಿಯೊಂದು ಗುರುತಿನ ಮೇಲೂ ಗೆರೆ ಎಳೆಯಿರಿ. ಉಳಿದ ಸಾಲುಗಳನ್ನು ಊರಿಗೆ ಹೊಸಬನಾದ ಗೆಳೆಯನೊಬ್ಬನಿಗೆ ಓದಿ ಹೇಳಿ, ದಾರಿಯ ಚಿತ್ರವನ್ನು ಬರೆಯುವಂತೆ ಕೇಳಿರಿ. ಅವನು ಬರೆದ ಚಿತ್ರದಲ್ಲಿ ನಿಮ್ಮ ಮನೆ ತೋಡಿನ ಯಾವ ದಡಕ್ಕೆ ಬಿದ್ದಿದೆ ಎಂಬುದನ್ನು ಮೊದಲು ನೋಡಿರಿ.